ಸವಳು ಭೂಮಿಯಲ್ಲಿ ಕ್ಷಾರದ ಪರೀಕ್ಷೆಯೂ ಪರಿಹಾರವೂ

ಅರಿಸಿನಕ್ಕೆ ಸುಣ್ಣದ ನೀರನ್ನು ಸೇರಿಸಿದೊಡನೆ ಅದು ಕೆಂಪಾಗುವುದೂ, ಅದರ ಮೇಲೆ ನಿಂಬೆಯ ರಸವನ್ನು ಹಿಂಡಲು ಪುನಃ ಹಳದಿಗೆ ತಿರುಗುವುದೂ ಎಲ್ಲ ಮನೆಗಳಲ್ಲಿಯೂ ಕಂಡ ಸಂಗತಿ. ಸುಣ್ಣವು ಕ್ಷಾರ, ನಿಂಬೆಯ ರಸವು ಆಮ್ಲ. ಇವೆರಡೂ ಕೂಡಿದಾಗ ಒಂದರ ಗುಣವನ್ನು ಮತ್ತೊಂದು ಅಳಿಸಿ, ಲವಣವೂ ನೀರೂ ಉಂಟಾಗುವುವು. ಈ ಗುಣಗಳನ್ನಳೆಯಲು 1909ರಲ್ಲಿ ಡೆನ್ಮಾರ್ಕ್ ದೇಶದ ಸೋರೆನ್‌ಸೆನ್ ಎಂಬ ರಸಾಯನಶಾಸ್ತ್ರಜ್ಞನು ಏರ್ಪಡಿಸಿದ ಮಾನಕ್ಕೆ ರಸಸಾರವೆಂದು ಹೆಸರು. 7 ಎಂಬುದು ತಟಸ್ಥ. ಅದಕ್ಕೆ ಕೆಳಗಿನದು ಆಮ್ಲ, ಮೇಲಿನದು ಕ್ಷಾರ. ಒಂದಂಕ ಏರಿದರೆ ಕ್ಷಾರತೆಯು ಹತ್ತು ಪಟ್ಟಾಗುವುದರಿಂದ, 8ಕ್ಕೂ 9ಕ್ಕೂ ಇರುವ ಅಂತರವನ್ನು ಅಲ್ಪವೆಂದೆಣಿಸಲಾಗದು.

ನಾರಾಯಣಪುರದ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡ ತರುವಾಯ ಸುರಪುರ, ಶಹಾಪುರ ತಾಲ್ಲೂಕುಗಳ ಎರೆಭೂಮಿಗೆ ಕೃಷ್ಣೆಯ ನೀರು ಹರಿದು, ಜೋಳದ ಹೊಲಗಳೆಷ್ಟೋ ಭತ್ತದ ಗದ್ದೆಗಳಾದವು. ಬಸಿದು ಹೋಗಲು ದಾರಿಯಿಲ್ಲದ ತಗ್ಗಿನ ಹೊಲಗಳಲ್ಲಿ ಅಂತರ್ಜಲವು ಮೇಲೇರಿ, ತನ್ನೊಡನೆ ಲವಣಗಳನ್ನೂ ತಂದಿತು. ಇದನ್ನೇ ನಾವು ಸವಳೆನ್ನುವೆವು. ಆದರೆ ಸವಳು ಒಂದೇ ಬಗೆಯದಲ್ಲ. ಇದನ್ನರಿಯದೆ ಮಾಡಿದ ವೆಚ್ಚವು ವ್ಯರ್ಥವಾಗುವುದು.

ಬೇಸಗೆಯಲ್ಲಿ ಉಪ್ಪು ಬಿಳಿಯ ಪೊರೆಯಾಗಿ ನಿಂತು, ರಸಸಾರವು 8.5ಕ್ಕಿಂತ ಕಡಿಮೆಯಿದ್ದರೆ ಅದು ಲವಣದ ಸವಳು. ಬಸಿಗಾಲುವೆ ತೆಗೆದು ಒಳ್ಳೆಯ ನೀರು ನಿಲ್ಲಿಸಿ ತೊಳೆದರೆ ಸಾಧಾರಣವಾಗಿ ನೀಗುವುದು. ರಸಸಾರವು 8.5ನ್ನು ಮೀರಿದರೆ ಕ್ಷಾರದ ಸವಳು: ಸೋಡಿಯಮ್ ಅಂಶವು ಜೇಡಿಯ ಕಣಗಳನ್ನು ಚದರಿಸಿ ಮಣ್ಣಿನ ರಂಧ್ರಗಳನ್ನು ಮುಚ್ಚುವುದು. ಎರೆಯಲ್ಲಿ ಮಣ್ಣಿನ ಬಣ್ಣವನ್ನು ನಂಬುವಂತಿಲ್ಲ. ನಿಂತ ನೀರನ್ನು ನೋಡತಕ್ಕದ್ದು. ಅದು ದಿನಗಳು ಕಳೆದರೂ ತಿಳಿಯಾಗದೆ ಕಷಾಯದ ಬಣ್ಣ ತಾಳಿದ್ದರೆ ಸಂಶಯಪಡಬೇಕು. ಇಂಥ ನೆಲವನ್ನು ಬರಿಯ ನೀರಿನಿಂದ ತೊಳೆಯುವುದು ಹಾನಿಯನ್ನು ಹೆಚ್ಚಿಸುವುದೇ ಸರಿ.

ಇದಕ್ಕೆ ಜಿಪ್ಸಮ್ ಮದ್ದು. ಅದರಲ್ಲಿನ ಸುಣ್ಣದಂಶವು ಜೇಡಿಯ ಕಣಗಳಿಗಂಟಿದ ಸೋಡಿಯಮನ್ನು ಹೊರದೂಡಿ ತಾನು ಅಲ್ಲಿ ನೆಲಸುವುದು. ಹೊರಬಿದ್ದ ಸೋಡಿಯಮ್ ಸಲ್ಫೇಟ್ ಆಗಿ ನೀರಿನಲ್ಲಿ ಕರಗುವುದು. ಆ ನೀರು ಬಸಿದು ಹೋಗದಿದ್ದರೆ ಜಿಪ್ಸಮ್ ಹಾಕಿಯೂ ಫಲವಿಲ್ಲ. ಗಂಧಕವೂ ಉಪಯುಕ್ತವೇ: ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಗಂಧಕಾಮ್ಲವಾಗಿಸುವುವು, ಆ ಆಮ್ಲವು ನೆಲದೊಳಗಿನ ಸುಣ್ಣದ ಹರಳುಗಳೊಡನೆ ಕೂಡಿ ಅಲ್ಲಿಯೇ ಜಿಪ್ಸಮ್ ಆಗುವುದು. ಇದಕ್ಕೆ ಕೆಲವು ವಾರಗಳಾದರೂ ಬೇಕು.

ಮಣ್ಣಿಗೆ ನಿಂಬೆರಸ ಹನಿಸಿದಾಗ ನೊರೆಯೆದ್ದರೆ ನೆಲ ಕೆಟ್ಟಿತೆಂದು ಹೆದರುವವರುಂಟು. ನೊರೆಯು ಸುಣ್ಣಕಲ್ಲಿನ ಗುರುತೇ ಹೊರತು ಸವಳಿನದಲ್ಲ. ಸುಣ್ಣಕಲ್ಲೊಂದರಿಂದಲೇ ರಸಸಾರವು 8.5ನ್ನು ದಾಟುವುದಿಲ್ಲ. ಇನ್ನು, ಮಲೆನಾಡಿನ ಹುಳಿಮಣ್ಣಿಗೆ ಸುಣ್ಣ ಹಾಕುವರೆಂದು ಕೇಳಿ ಇಲ್ಲಿಯೂ ಹಾಕುವುದು ಶುದ್ಧ ತಪ್ಪು.

ಜಿಪ್ಸಮ್ ಎಷ್ಟೆಂಬುದನ್ನು ನೆರೆಹೊಲದವರನ್ನು ಕೇಳಿ ನಿಶ್ಚಯಿಸಬಾರದು. ಬೆಳೆ ಕೊಯ್ದ ಮೇಲೆ, ಹೊಲದ ಹತ್ತಾರು ಕಡೆಗಳಿಂದ ಅರ್ಧ ಅಡಿ ಆಳದವರೆಗಿನ ಮಣ್ಣನ್ನು ತೆಗೆದು, ಕಲಸಿ, ನೆರಳಿನಲ್ಲಿ ಒಣಗಿಸಿ, ಒಂದು ಸೇರಿನಷ್ಟನ್ನು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕಳುಹಿಸತಕ್ಕದ್ದು. ಕೆಟ್ಟ ತಾಣದ ಮಣ್ಣನ್ನು ಒಳ್ಳೆಯ ತಾಣದ್ದರೊಡನೆ ಬೆರೆಸದೆ ಬೇರೆ ಚೀಲದಲ್ಲಿಡಬೇಕು.