ಓಡಲಾರದ ದೋಣಿಯ ಮೇಲೊಂದು ಎಂಜಿನ್!

ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ ಕಚ್ಚಾತೈಲ ಹೊರುವ ಬಾರ್ಜ್‌ಗೆ ಚುಕ್ಕಾಣಿಯಿಲ್ಲ, ಪ್ರೊಪೆಲರ್ ಇಲ್ಲ. ಹಿಂದಿನಿಂದ ಟೋಬೋಟ್ ದಬ್ಬದೆ ಅದು ಒಂದಡಿಯೂ ಮುಂದೆ ಹೋಗದು. ಆದರೂ ಅದರ ಡೆಕ್ ಮೇಲೆ ಡೀಸೆಲ್ ಎಂಜಿನ್ ಗುಡುಗುತ್ತದೆ! ದೋಣಿ ಓಡಿಸುವುದಕ್ಕಲ್ಲ, ದೋಣಿಯ ಹೊಟ್ಟೆ ಬರಿದು ಮಾಡುವುದಕ್ಕೆ!

ಆ ಹೊಟ್ಟೆಯಾದರೂ ಎಂಥದ್ದು! ಸುಮಾರು 90 ಮೀಟರ್ ಉದ್ದದ ದೊಡ್ಡ ಬಾರ್ಜ್ ಒಂದರಲ್ಲಿ 30,000 ಬ್ಯಾರೆಲ್, ಅಂದರೆ 47 ಲಕ್ಷ ಲೀಟರಿಗೂ ಹೆಚ್ಚು ತೈಲ ಹಿಡಿಸುತ್ತದೆ. ನಮ್ಮ ಹೆದ್ದಾರಿಯಲ್ಲಿ ಓಡುವ 20,000 ಲೀಟರಿನ ಟ್ಯಾಂಕರ್‌ಗಳಾದರೆ ಇನ್ನೂರಕ್ಕೂ ಹೆಚ್ಚು ಬೇಕು.

ಪಂಪನ್ನು ಮೇಲಿಟ್ಟು ಹೀರಿದರಾಯಿತಲ್ಲ ಎನ್ನಬಹುದು. ಆಗದು! ಜೋರಾಗಿ ಹೀರಿದಷ್ಟೂ ಕೊಳವೆಯೊಳಗೆ ಒತ್ತಡ ಕುಸಿಯುತ್ತದೆ, ಕಚ್ಚಾತೈಲದಲ್ಲಿ ಕರಗಿರುವ ಹಗುರ ಅಂಶಗಳು ಆವಿಯಾಗಿ ಏಳುತ್ತವೆ, ಪಂಪಿನ ಹಿಡಿತ ತಪ್ಪುತ್ತದೆ. ಹಾಗಾಗಿ ಆಳದ ಬಾವಿಯಿಂದ ಹೊಲಕ್ಕೆ ನೀರೆತ್ತುವ ಪಂಪಿನ ವಂಶದ್ದನ್ನೇ ಇಲ್ಲಿಗೂ ತಂದರು. ಎಂಜಿನ್ ಡೆಕ್ ಮೇಲೆ, ಪಂಪಿನ ಚಕ್ರಗಳು ತಳದ ಗುಂಡಿಯಲ್ಲಿ, ತೈಲದಲ್ಲೇ ಮುಳುಗಿ! ನಡುವೆ ಒಂದು ಗೇರ್ ಪೆಟ್ಟಿಗೆ. ಎಂಜಿನ್ನಿನ ಅಡ್ಡ ತಿರುಗಾಟ ಅಲ್ಲಿ ಲಂಬಕ್ಕೆ ಹೊರಳಿ ಉದ್ದನೆಯ ಉಕ್ಕಿನ ದಂಡದಲ್ಲಿ ತಳಕ್ಕಿಳಿಯುತ್ತದೆ. ಆ ದಂಡ ಸುತ್ತುವ ಕೊಳವೆಯೊಳಗಿಂದಲೇ ತೈಲ ಮೇಲಕ್ಕೇರುತ್ತದೆ. ಬಲ ಇಳಿಯುವ ದಾರಿಯಲ್ಲೇ ತೈಲ ಏರುವುದು, ಎಂಥ ಚಂದದ ಯೋಚನೆ!

ಇಷ್ಟೊಂದು ಆವಿಯ ಪಕ್ಕದಲ್ಲಿ ಎಂಜಿನ್ನೇ? ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಬೇಕಿಲ್ಲ, ಗಾಳಿಯನ್ನು ಒತ್ತಿದ ಶಾಖಕ್ಕೇ ಇಂಧನ ಹೊತ್ತಿಕೊಳ್ಳುತ್ತದೆ. ಹೊಗೆಕೊಳವೆಯಲ್ಲಿ ಕಿಡಿ ತಡೆಯುವ ಸಾಧನ ಇರುತ್ತದೆ. ಎಂಜಿನ್ನನ್ನು ದೂರದಿಂದಲೇ ನಿಲ್ಲಿಸುವ ಏರ್ಪಾಡೂ ಇದೆ.

ಎಲ್ಲದರ ಹೊಣೆ ಬಾರ್ಜ್‌ನಿಂದ ತೈಲ ಇಳಿಸುವ ಕೆಲಸಗಾರನದು, ಅಂದರೆ ಟ್ಯಾಂಕರ್‌ಮ್ಯಾನ್‌ನದು. ತೈಲ ಇಳಿದಂತೆ ಬಾರ್ಜ್ ಹಗುರಾಗಿ ಎರಡು ಮೀಟರಿಗೂ ಹೆಚ್ಚು ಮೇಲೇಳುತ್ತದೆ, ಕಟ್ಟಿದ ಹಗ್ಗ ಬಿಗಿಯುತ್ತದೆ, ಹೋಸ್ ಎಳೆಯುತ್ತದೆ. ಅವನು ಹಗ್ಗ ಸಡಿಲಿಸುತ್ತಾನೆ, ಒತ್ತಡದ ಗೇಜ್ ನೋಡುತ್ತಾನೆ, ವಾಲ್ವ್ ತಿರುವುತ್ತಾನೆ. ಕೊನೆಕೊನೆಗೆ ಕೈ ಥ್ರಾಟಲ್ ಮೇಲೆ, ಕಿವಿ ಎಂಜಿನ್ ಮೇಲೆ. ಪಂಪಿನ ಬಾಯಿಗೆ ಗಾಳಿ ಹೊಕ್ಕ ಕೂಡಲೇ ಭಾರ ತಪ್ಪಿ ಎಂಜಿನ್ನಿನ ದನಿ ಬದಲಾಗುತ್ತದೆ, ಅವನು ವೇಗ ತಗ್ಗಿಸುತ್ತಾನೆ. ಈ ಕಿವಿಯ ಪಳಗಿಕೆಯೇ ನನಗೆ ಗೇರ್ ಪೆಟ್ಟಿಗೆಗಿಂತ ದೊಡ್ಡ ಬೆರಗು.

ನದಿಯೂ ನಿಂತಲ್ಲಿ ನಿಲ್ಲುವುದಿಲ್ಲ. ವಸಂತದ ನೆರೆಯಲ್ಲಿ ಬಾರ್ಜ್ ದಡದ ಮಟ್ಟಕ್ಕೆ ಹತ್ತಿರವಾದರೆ, ಶರತ್ಕಾಲದಲ್ಲಿ ನೀರಿಳಿದು ಎಷ್ಟೋ ಮೀಟರ್ ಕೆಳಗಿರುತ್ತದೆ. ಆಗ ಅದೇ ಎಂಜಿನ್ ಅದೇ ತೈಲವನ್ನು ದಡದ ಏರಿಯ ಮೇಲಕ್ಕೆ ಇನ್ನಷ್ಟು ಎತ್ತರ ತಳ್ಳಬೇಕು. ತಳ್ಳುತ್ತದೆ!