ವ್ಯಾಖ್ಯಾನಗಳ ನಡುವೆ ಕನಕದಾಸರು: ಕದರಮಂಡಲಗಿಯಿಂದ ಒಂದು ನೋಟ

ಬ್ಯಾಡಗಿ ತಾಲೂಕಿನ ಕದರಮಂಡಲಗಿಯ ಕಾಂತೇಶ ದೇವಾಲಯದಲ್ಲಿ ಕನಕದಾಸರು ‘ಮೋಹನತರಂಗಿಣಿ’ಯನ್ನು ರಚಿಸಿದರೆಂಬುದು ಸ್ಥಳೀಯರ ನಂಬಿಕೆ. ಈ ಐತಿಹ್ಯದ ಸತ್ಯಾಸತ್ಯತೆಗಿಂತ ಅದು ಎತ್ತುವ ಪ್ರಶ್ನೆ ಮುಖ್ಯವಾದುದು. ಮಧ್ಯಕಾಲೀನ ಚಿಂತಕನೊಬ್ಬನನ್ನು ನಂತರದ ಓದುಗರು ಹಾಗೂ ಧಾರ್ಮಿಕ ಸಂಸ್ಥೆಗಳು ತಮ್ಮವನನ್ನಾಗಿಸಿಕೊಳ್ಳುವಾಗ ಅವನ ಯಾವ ಕೃತಿ ಉಳಿಯುತ್ತದೆ, ಯಾವುದು ಮರೆಗೆ ಸರಿಯುತ್ತದೆ?

ಇಂತಹ ಪ್ರಕ್ರಿಯೆ ನಮ್ಮಲ್ಲಿ ಮಾತ್ರ ನಡೆದುದಲ್ಲ. 1277ರಲ್ಲಿ ಪ್ಯಾರಿಸ್‌ನ ಬಿಷಪ್ ಖಂಡಿಸಿದ 219 ಪ್ರತಿಪಾದನೆಗಳಲ್ಲಿ ಕೆಲವು ಥಾಮಸ್ ಅಕ್ವಿನಾಸನ ವಿಚಾರಗಳಿಗೂ ತಗಲುವಂತಿದ್ದವು. 1323ರಲ್ಲಿ ಅದೇ ಅಕ್ವಿನಾಸನನ್ನು ಪೋಪರು ಸಂತನೆಂದು ಘೋಷಿಸಿದರು. 1879ರಲ್ಲಿ ಪೋಪ್ 13ನೆಯ ಲಿಯೋ ಅವನ ಚಿಂತನೆಯನ್ನು ಕ್ಯಾಥೊಲಿಕ್ ತತ್ತ್ವಶಿಕ್ಷಣದ ತಳಹದಿಯಾಗಿ ಎತ್ತಿಹಿಡಿದರು. ಗ್ರಂಥ ಬದಲಾಗಲಿಲ್ಲ; ಓದುವ ಸಂಸ್ಥೆಯ ಅಗತ್ಯ ಬದಲಾಯಿತು.

ಕನಕದಾಸರ ವಿಷಯದಲ್ಲಿ ಪ್ರಧಾನವಾಗಿ ಎರಡು ಓದುಗಳಿವೆ. ಮಾಧ್ವ ಪರಂಪರೆಗೆ ಅವರು ವ್ಯಾಸರಾಯರ ಶಿಷ್ಯರು, ಹರಿದಾಸರು. ಉಡುಪಿಯ ಕನಕನ ಕಿಂಡಿಯ ಕಥೆ ಈ ಪರಂಪರೆಗೆ ಭಕ್ತಿಯ ವಿಜಯ. ಆಧುನಿಕ ಸಾಮಾಜಿಕ ಓದಿಗೆ ಅದೇ ಕಥೆ ಪ್ರವೇಶ ನಿರಾಕರಣೆಯ ಸಾಕ್ಷ್ಯ. 2000ರ ದಶಕದಲ್ಲಿ ಕನಕ ಗೋಪುರದ ಸುತ್ತ ಎದ್ದ ವಿವಾದದಲ್ಲಿ ಈ ಎರಡು ಓದುಗಳು ಮುಖಾಮುಖಿಯಾದವು. ಆದರೆ ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಕನಕರು ಹೊರಗೆ ನಿಂತಿದ್ದರೆಂಬುದನ್ನು ಎರಡೂ ಓದುಗಳು ಒಪ್ಪುತ್ತವೆ, ಭಿನ್ನತೆಯಿರುವುದು ಹೊರಗೆ ನಿಂತುದರ ಅರ್ಥದಲ್ಲಿ.

‘ರಾಮಧಾನ್ಯಚರಿತೆ’ಯೂ ಇದಕ್ಕೆ ಹೊರತಲ್ಲ. ವ್ರೀಹಿ ಮತ್ತು ನರೆದಲೆಗಗಳ ವಾದದಲ್ಲಿ ರಾಮನು ಎರಡನ್ನೂ ಸೆರೆಯಲ್ಲಿರಿಸುತ್ತಾನೆ; ಕೆಡದೆ ಉಳಿದ ರಾಗಿ ಅವನ ಹೆಸರನ್ನು ಪಡೆಯುತ್ತದೆ. ಶ್ರಮಿಕರ ಅನ್ನದ ಗೆಲುವೆಂದು ಇದನ್ನು ಓದುವವರಿದ್ದಾರೆ, ದೈವಾನುಗ್ರಹದ ಮಹಿಮೆಯೆಂದು ಓದುವವರೂ ಇದ್ದಾರೆ. ಕಾವ್ಯವು ಎರಡಕ್ಕೂ ಎಡೆಗೊಡುತ್ತದೆ: ಗೆಲ್ಲುವುದು ಬಡವರ ಧಾನ್ಯ, ಗೆಲುವನ್ನು ಘೋಷಿಸುವವನು ಅರಸನೂ ದೇವರೂ ಆದ ರಾಮ.

‘ಮೋಹನತರಂಗಿಣಿ’ಯಾದರೋ ಈ ಎರಡೂ ಚೌಕಟ್ಟುಗಳಿಗೆ ಒಗ್ಗದ ಕೃತಿ. ಸಾಂಗತ್ಯದಲ್ಲಿರುವ ಈ ಕಾವ್ಯವು ಉಷಾ-ಅನಿರುದ್ಧರ ಪ್ರಣಯವನ್ನೂ ದ್ವಾರಕೆಯ ನೆಪದಲ್ಲಿ ವಿಜಯನಗರದ ವೈಭವವನ್ನೂ ವರ್ಣಿಸುತ್ತದೆ. ಇದರಲ್ಲಿರುವ ರಾಮಾನುಜ ಸ್ತುತಿಯು ಕನಕರನ್ನು ಒಂದೇ ಸಂಪ್ರದಾಯಕ್ಕೆ ಕಟ್ಟಿಹಾಕುವುದನ್ನು ಕಠಿಣಗೊಳಿಸುತ್ತದೆ. ಸಂತನನ್ನು ಅರಸುವವರಿಗೆ ಇಲ್ಲಿನ ಶೃಂಗಾರ ಅತಿಯೆನಿಸಬಹುದು. ಬಂಡಾಯಗಾರನನ್ನು ಅರಸುವವರಿಗೆ ಪ್ರತಿಭಟನೆ ಸಾಲದೆನಿಸಬಹುದು.

ಆದುದರಿಂದ ಕೀರ್ತನೆಗಳಿಂದಲೂ ಕಿಂಡಿಯ ಕಥೆಯಿಂದಲೂ ಮಾತ್ರ ಕನಕರ ವ್ಯಕ್ತಿತ್ವವನ್ನು ಕಟ್ಟುವುದು ಅಪೂರ್ಣ. ಕೀರ್ತನೆಗಳು ಬಾಯಿಂದ ಬಾಯಿಗೆ ಸಾಗಿ ಪಾಠಾಂತರಗಳನ್ನು ಪಡೆದಿವೆ. ಕಿಂಡಿಯ ಕಥೆ ಐತಿಹ್ಯವಾಗಿ ಬೆಳೆದಿದೆ. ನಮ್ಮ ತರಗತಿಗಳಲ್ಲಿ ಕನಕರು ಯಾರ ಪಕ್ಷದವರೆಂದು ಕೇಳುವ ಮೊದಲು ಅವರ ಕಾವ್ಯಗಳನ್ನು ಇಡಿಯಾಗಿ ಓದಿಸಬೇಕಾಗಿದೆ. ಕವಿಯ ನೆನಪನ್ನು ಒಂದು ಕಾವ್ಯದೊಡನೆ ಉಳಿಸಿಕೊಂಡಿರುವ ಕದರಮಂಡಲಗಿಯ ನಂಬಿಕೆಯು ಸೂಚಿಸುವ ದಾರಿಯೂ ಇದೇ ಆಗಿದೆ.