ಬೇರೆ ನೆಟ್‌ವರ್ಕಿನ ಸರ್ವರ್ ಏಕೆ ಕಾಣುವುದಿಲ್ಲ?

ಪ್ರಶ್ನೆ: ನಮ್ಮ ಕಚೇರಿಯ ಎರಡು ಮಹಡಿಗಳಿಗೆ ಬೇರೆ ಬೇರೆ ನೆಟ್‌ವರ್ಕ್. ಕೆಳಗಿನ ಸರ್ವರ್‌ನಲ್ಲಿ ಶೇರ್ ಮಾಡಿದ ಫೋಲ್ಡರ್ ಮೇಲಿನವರಿಗೆ ಕಾಣುವುದೇ ಇಲ್ಲ. ಏಕೆ?

ಉತ್ತರ: ಕಾಣದಿದ್ದರೂ ತೆರೆಯಬಹುದು. ವಿಂಡೋಸ್‌ನ ‘ನೆಟ್‌ವರ್ಕ್’ ಪಟ್ಟಿ ತುಂಬುವುದು ಕಂಪ್ಯೂಟರುಗಳು ‘ನಾನಿದ್ದೇನೆ’ ಎಂದು ತಮ್ಮ ನೆಟ್‌ವರ್ಕಿನೊಳಗೆ ಕೂಗಿ ಹೇಳುವುದರಿಂದ. ಆ ಕೂಗನ್ನು ರೌಟರ್ ಸಾಮಾನ್ಯವಾಗಿ ಆಚೆ ದಾಟಿಸುವುದಿಲ್ಲ. ಹಾಗಾಗಿ ಸರ್ವರ್‌ನ ಐಪಿ ವಿಳಾಸವನ್ನೇ ಟೈಪ್ ಮಾಡಿ; ಉದಾಹರಣೆಗೆ \\192.168.20.5. ಎರಡೂ ನೆಟ್‌ವರ್ಕುಗಳ ನಡುವೆ ರೌಟರ್‌ನಲ್ಲಿ ದಾರಿಯಂತೂ ಇರಲೇಬೇಕು. ಆಮೇಲೂ ತೆರೆಯದಿದ್ದರೆ ನನ್ನ ಅನುಮಾನ ಸರ್ವರ್‌ನ ಫೈರ್‌ವಾಲ್ ಮೇಲೆ: ಫೈಲ್ ಹಂಚಿಕೆಯ 445ನೇ ಪೋರ್ಟ್ ಎಷ್ಟೋ ಸಲ ಸ್ವಂತ ನೆಟ್‌ವರ್ಕಿಗಷ್ಟೇ ತೆರೆದಿರುತ್ತದೆ. ಮೇಲಿನ ಮಹಡಿಯ ವಿಳಾಸಗಳನ್ನೂ ಅಲ್ಲಿ ಸೇರಿಸಿ. ಆದರೆ ಇದೇ ಪೋರ್ಟನ್ನು ಇಂಟರ್ನೆಟ್ಟಿಗೆ ಎಂದೂ ತೆರೆಯಬೇಡಿ. 2017ರಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಇದರ ಮೂಲಕವೇ. ಹೊರಗಿನಿಂದ ಫೈಲ್ ಬೇಕಾದರೆ ವಿಪಿಎನ್ ಹಾಕಿಸಿಕೊಳ್ಳಿ.